ಮೊದಲು ಮೆಕ್ಯಾನಿಕ್, ಆಮೇಲೆ ಫ್ರಿಜ್

ಫ್ರಿಜ್, ವಾಷಿಂಗ್ ಮೆಷಿನ್, ಎಸಿಯಂಥ ದೊಡ್ಡ ಸಾಮಾನುಗಳನ್ನು ನಿಮ್ಮೂರ ಅಂಗಡಿಯಲ್ಲೇ ಕೊಳ್ಳಿ, ಅಂಗಡಿಗೆ ಹೋಗುವ ಮೊದಲು ಅದನ್ನು ರಿಪೇರಿ ಮಾಡುವವರು ಯಾರು ಎಂದು ವಿಚಾರಿಸಿಕೊಳ್ಳಿ ಎಂದು ಹೋದ ತಿಂಗಳು ಬರೆದಿದ್ದೆ. ಬಂದ ಪತ್ರಗಳಲ್ಲಿ ಹೆಚ್ಚಿನವು ವಿರೋಧದವು. ಕೆಲವರು ಲೆಕ್ಕ ಹಾಕಿ ತೋರಿಸಿದ್ದಾರೆ, ಕೆಲವರು ನನ್ನ ಉದ್ದೇಶವನ್ನೇ ಅನುಮಾನಿಸಿದ್ದಾರೆ. ನನ್ನ ತಂಗಿಯ ಮಗ ಬೆಂಗಳೂರಿನಿಂದ ಫೋನ್ ಮಾಡಿ, "ಮಾವ, ನೀವು ಹೇಳ್ತಿರೋದು ಇಪ್ಪತ್ತು ವರ್ಷದ ಹಿಂದಿನ ಮಾತು" ಎಂದ.

ನಾನು ಮೂವತ್ತೊಂದು ವರ್ಷ ಐಟಿಐಯಲ್ಲಿ ಫ್ರಿಜ್ ಮತ್ತು ಎಸಿ ಮೆಕ್ಯಾನಿಕ್ ವಿಭಾಗದ ಹುಡುಗರಿಗೆ ಪಾಠ ಹೇಳಿ ನಿವೃತ್ತನಾದವನು. ಮನೆ ಸಾಗರದಲ್ಲಿ. ಒಂದು ಫ್ರಿಜ್ ಎಂದರೆ ನಮ್ಮ ಕಡೆಯ ಬಹಳ ಮನೆಗಳಲ್ಲಿ ಒಂದು ತಿಂಗಳ ದುಡಿಮೆ, ಕೆಲವು ಮನೆಗಳಲ್ಲಿ ಎರಡು ತಿಂಗಳದ್ದು. ಆ ದುಡ್ಡು ಎಲ್ಲಿ ಸುರಿಯಬೇಕು ಎಂಬುದು ಸಣ್ಣ ಮಾತಲ್ಲ. ಆದ್ದರಿಂದ ಎತ್ತಿದ ಆಕ್ಷೇಪಗಳಿಗೆ ಒಂದೊಂದಾಗಿ ಉತ್ತರ ಕೊಡುತ್ತೇನೆ. ಒಪ್ಪಬೇಕಾದಲ್ಲಿ ಒಪ್ಪುತ್ತೇನೆ.

ಎಲ್ಲರೂ ಮೊದಲು ಎತ್ತಿದ್ದು ದರದ ಮಾತು. ಒಬ್ಬರು ಎರಡು ಫೋಟೊ ಕಳಿಸಿದ್ದಾರೆ. ಒಂದೇ ಕಂಪನಿಯ, ಎರಡು ಬಾಗಿಲಿನ, ಒಂದೇ ಲೀಟರಿನ ಫ್ರಿಜ್. ಆನ್‌ಲೈನಿನಲ್ಲಿ 26,500, ಸಾಗರದ ಅಂಗಡಿಯಲ್ಲಿ 28,700. "ಈ 2,200 ರೂಪಾಯಿ ನಾನೇಕೆ ಬಿಡಬೇಕು ಹೇಳಿ ಸಾರ್" ಎಂದು ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆ. ಫೋಟೊಗಳನ್ನು ದೊಡ್ಡದು ಮಾಡಿ ನೋಡಿದೆ. ಮಾಡೆಲ್ ನಂಬರಿನ ಕೊನೆಯ ಎರಡು ಅಕ್ಷರ ಬೇರೆ. ಬಾಗಿಲ ಮೇಲಿನ ನಕ್ಷತ್ರದ ಚೀಟಿಯಲ್ಲಿ ಆನ್‌ಲೈನಿನದಕ್ಕೆ ಎರಡು ಸ್ಟಾರ್, ವರ್ಷಕ್ಕೆ 238 ಯೂನಿಟ್. ಅಂಗಡಿಯದಕ್ಕೆ ಮೂರು ಸ್ಟಾರ್, 189 ಯೂನಿಟ್. ವ್ಯತ್ಯಾಸ 49 ಯೂನಿಟ್. ಯೂನಿಟ್ಟಿಗೆ 6 ರೂಪಾಯಿ ಹಿಡಿದರೆ ವರ್ಷಕ್ಕೆ 294, ಹತ್ತು ವರ್ಷಕ್ಕೆ 2,940. ಅವರು ಉಳಿಸಿದೆ ಎಂದುಕೊಂಡ 2,200 ರೂಪಾಯಿ ಎಂಟನೇ ವರ್ಷಕ್ಕೆ ಕರೆಂಟ್ ಬಿಲ್ಲಿನಲ್ಲಿ ಕರಗಿಹೋಗುತ್ತದೆ.

ಇದು ಅವರೊಬ್ಬರ ತಪ್ಪಲ್ಲ. ಕಂಪನಿಗಳು ಆನ್‌ಲೈನಿಗೆಂದೇ ಕೆಲವು ಮಾಡೆಲ್, ದೊಡ್ಡ ಮಳಿಗೆಗಳಿಗೆಂದೇ ಕೆಲವು ಮಾಡೆಲ್ ಮಾಡುತ್ತವೆ. ಹೊರಗಿನಿಂದ ಅವಳಿ ಮಕ್ಕಳಂತೆ ಕಾಣುತ್ತವೆ, ಒಳಗೆ ಗಾಜಿನ ತಟ್ಟೆಯ ಜಾಗದಲ್ಲಿ ತಂತಿಯ ತಟ್ಟೆ ಇರುತ್ತದೆ. ದರ ಹೋಲಿಸುವಾಗ ಕೊನೆಯ ಅಕ್ಷರದವರೆಗೂ ಮಾಡೆಲ್ ನಂಬರ್ ತಾಳೆ ನೋಡಬೇಕು. ಸ್ಟಾರ್ ಎಷ್ಟು ಎನ್ನುವುದಕ್ಕಿಂತ ವರ್ಷಕ್ಕೆ ಎಷ್ಟು ಯೂನಿಟ್ ಎಂದು ಓದಬೇಕು. ಆ ಚೀಟಿ ಯಾವ ಅವಧಿಯದು ಎಂಬುದನ್ನೂ ಅದರಲ್ಲೇ ಅಚ್ಚು ಹಾಕಿರುತ್ತಾರೆ, ಅದನ್ನೂ ನೋಡಬೇಕು. ಫ್ರಿಜ್ಜಿನ ಸ್ಟಾರಿನ ಅಳತೆಗೋಲನ್ನು 2023ರ ಜನವರಿಯಲ್ಲಿ ಬಿಗಿ ಮಾಡಿದ್ದಾರೆ. ಹಳೆಯ ಲೆಕ್ಕದ ನಾಲ್ಕು ಸ್ಟಾರನ್ನು ಹೊಸ ಲೆಕ್ಕದ ನಾಲ್ಕು ಸ್ಟಾರ್ ಎಂದು ತಿಳಿದು ತಂದವರನ್ನು ನಾನು ಬಲ್ಲೆ.

ಆ 26,500ರ ಕೆಳಗೆ ಸಣ್ಣಕ್ಷರದಲ್ಲಿ ಇನ್ನೊಂದು ಮಾತಿತ್ತು. ಇಂತಿಂಥ ಬ್ಯಾಂಕಿನ ಕ್ರೆಡಿಟ್ ಕಾರ್ಡ್ ಇದ್ದರೆ ಮಾತ್ರ ಆ ದರ, ಇಲ್ಲದಿದ್ದರೆ 28,000. ನನಗೆ ಪತ್ರ ಬರೆದವರ ಹತ್ತಿರ ಆ ಕಾರ್ಡ್ ಇಲ್ಲ, ತಮ್ಮನ ಕಾರ್ಡಿನಿಂದ ತೆಗೆದುಕೊಳ್ಳುವ ಯೋಚನೆಯಲ್ಲಿದ್ದರು. ಅಂಗಡಿಯವರ 28,700 ಮಾತ್ರ ಚೌಕಾಸಿ ಶುರುವಾಗುವ ಜಾಗ. ಫೋನಿನಲ್ಲಿ ಆನ್‌ಲೈನ್ ದರ ತೋರಿಸಿ, "ಇದೇ ಮಾಡೆಲ್ ಅಲ್ಲಿ ಇಷ್ಟಕ್ಕೆ ಸಿಗ್ತದೆ, ನೀವೆಷ್ಟಕ್ಕೆ ಕೊಡ್ತೀರಿ?" ಎಂದು ನೇರವಾಗಿ ಕೇಳಿ. ನಾಚಿಕೆ ಬೇಡ, ಅವರೂ ದಿನಾ ಆ ದರ ನೋಡಿಯೇ ಬಾಗಿಲು ತೆರೆಯುತ್ತಾರೆ. ನಾನು ಜೊತೆಯಲ್ಲಿ ಹೋದ ಖರೀದಿಗಳಲ್ಲಿ ಹೆಚ್ಚಿನವು ಆನ್‌ಲೈನ್ ದರಕ್ಕಿಂತ ಐನೂರು, ಸಾವಿರದ ಅಂತರಕ್ಕೆ ಬಂದು ನಿಂತಿವೆ. ಸಾಗಾಟ, ಸ್ಟ್ಯಾಂಡು ಅದರಲ್ಲೇ ಸೇರಿತ್ತು.

ಅಷ್ಟಾಗಿಯೂ ಆನ್‌ಲೈನಿನಲ್ಲಿ ನಿಜವಾಗಿಯೇ ಅಗ್ಗವಾಗುವ ದಿನಗಳಿವೆ. ಇದನ್ನು ಅಲ್ಲಗಳೆಯುವುದಿಲ್ಲ. ಮಿಕ್ಸಿ, ಇಂಡಕ್ಷನ್ ಒಲೆ, ಓವನ್ನು, ಚಿಕ್ಕ ಟಿವಿಗಳನ್ನು ನಾನೂ ಅಲ್ಲಿಂದಲೇ ತರಿಸಿದ್ದೇನೆ. ನನ್ನ ಅಳತೆ ಸುಲಭದ್ದು: ಕೆಟ್ಟರೆ ನೀವೇ ಎತ್ತಿಕೊಂಡು ಹೋಗಿ ತೋರಿಸಬಹುದಾದ ಸಾಮಾನನ್ನು ಎಲ್ಲಿ ಬೇಕಾದರೂ ಕೊಳ್ಳಿ. ಮನುಷ್ಯನೇ ಅದರ ಹತ್ತಿರ ಬರಬೇಕಾದ ಸಾಮಾನಾದರೆ, ಆ ಮನುಷ್ಯ ಎಲ್ಲಿದ್ದಾನೆ ಎಂದು ನೋಡಿ ಕೊಳ್ಳಿ.

ಇಲ್ಲಿಗೆ ಎರಡನೆಯ ಆಕ್ಷೇಪ ಬರುತ್ತದೆ. ಬೆಂಗಳೂರಿನಿಂದ ಫೋನ್ ಮಾಡಿದ ಆ ಸೋದರಳಿಯ ಹಿಡಿದು ಕೂತಿರುವುದೂ ಇದನ್ನೇ. "ವಾರಂಟಿ ಕೊಡೋದು ಕಂಪನಿ, ಅಂಗಡಿಯಲ್ಲ. ಎಲ್ಲಿ ತಗೊಂಡ್ರೂ ಅದೇ ಕಂಪನಿ, ಅದೇ ವಾರಂಟಿ, ಅದೇ ಟೋಲ್ ಫ್ರೀ ನಂಬರು." ಕಾಗದದ ಮೇಲೆ ಇದು ಪೂರ್ತಿ ನಿಜ. ಸರಿಯಾದ ಬಿಲ್ ಇದ್ದರೆ ಕಂಪನಿ ಆನ್‌ಲೈನು, ಅಂಗಡಿ ಎಂದು ಭೇದ ಮಾಡುವಂತಿಲ್ಲ. ಆದರೆ ಅವನ ತಾಯಿಯ ಮನೆಯಲ್ಲಿ ನಡೆದದ್ದನ್ನು ಅವನಿಗೆ ನೆನಪು ಮಾಡಬೇಕಾಗಿದೆ. ಅವನ ಅನುಮತಿ ಪಡೆದೇ ಇದನ್ನು ಬರೆಯುತ್ತಿದ್ದೇನೆ.

ತಂಗಿಯ ಮನೆ ಶರಾವತಿ ಹಿನ್ನೀರಿನ ಆಚೆ, ಕರೂರು ಹೋಬಳಿಯಲ್ಲಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದ ಮೇಲೆ ಆ ಭಾಗ ಅರವತ್ತು ವರ್ಷ ಹೊಳೆಬಾಗಿಲಿನ ಲಾಂಚನ್ನೇ ನಂಬಿಕೊಂಡಿತ್ತು. ಇಡೀ ನಾಡಿಗೆ ಕರೆಂಟು ಕೊಟ್ಟ ನೀರಿನ ಪಕ್ಕದ ಮನೆಗಳಲ್ಲಿ ಮಳೆಗಾಲದಲ್ಲಿ ವಾರಗಟ್ಟಲೆ ಕರೆಂಟು ಇರುತ್ತಿರಲಿಲ್ಲ ಎಂಬುದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಇರಲಿ. 2022ರ ಮಳೆಗಾಲದಲ್ಲಿ ತಂಗಿಯ ಅತ್ತೆ ಹಾಸಿಗೆ ಹಿಡಿದಿದ್ದರು, ದಿನಕ್ಕೆ ಎರಡು ಮೂರು ಬಾರಿ ಬಟ್ಟೆ ಬದಲಿಸಬೇಕು. ತಾಯಿ ಕಷ್ಟಪಡುವುದನ್ನು ನೋಡಲಾರದೆ ಮಗ ಬೆಂಗಳೂರಿನಲ್ಲಿ ಕೂತು ಮುಂದೆ ಬಾಗಿಲಿರುವ ವಾಷಿಂಗ್ ಮೆಷಿನ್ ಆರ್ಡರ್ ಮಾಡಿದ. ಅವನ ಮನಸ್ಸು ಒಳ್ಳೆಯದು, ದುಡ್ಡೂ ಅವನದೇ.

ವ್ಯಾನಿನ ಇಬ್ಬರು ಹುಡುಗರು ಲಾಂಚ್ ದಾಟಿ ಬಂದು ದಣಪೆಯ ಹೊರಗೆ ಪೆಟ್ಟಿಗೆ ಇಳಿಸಿ, ಫೋನಿನಲ್ಲಿ ಸಹಿ ಹಾಕಿಸಿಕೊಂಡು, ಸಂಜೆಯ ಕೊನೆಯ ಲಾಂಚ್ ತಪ್ಪೀತು ಎಂದು ಓಡಿದರು. ಜೋಡಿಸುವವರು ಎರಡು ದಿನದಲ್ಲಿ ಬರುತ್ತಾರೆ ಎಂದು ಮೆಸೇಜ್ ಬಂತು. ಎರಡು ದಿನ ನಾಲ್ಕಾಯಿತು, ನಾಲ್ಕು ಒಂಬತ್ತಾಯಿತು. ಫೋನ್ ಮಾಡಿದರೆ ಒಂದು ಒತ್ತಿ, ಎರಡು ಒತ್ತಿ. ಒಂಬತ್ತನೆಯ ದಿನ ತಂಗಿ ಪಕ್ಕದ ಮನೆಯ ಹುಡುಗನನ್ನು ಕರೆದು ಪೈಪು ಸಿಕ್ಕಿಸಿ ಮೆಷಿನ್ ಚಾಲೂ ಮಾಡಿದಳು.

ಮುಂದೆ ಬಾಗಿಲಿರುವ ಮೆಷಿನ್ನಿನ ಡ್ರಮ್ಮು ಸಾಗಾಟದಲ್ಲಿ ಅಲುಗಾಡಬಾರದೆಂದು ಬೆನ್ನಿನ ಕಡೆಯಿಂದ ಮೂರೋ ನಾಲ್ಕೋ ಉದ್ದ ಬೋಲ್ಟ್ ಬಿಗಿದಿರುತ್ತಾರೆ. ಮನೆಯಲ್ಲಿ ಕೂರಿಸಿದ ಮೇಲೆ ಮೊದಲು ಅವನ್ನು ಬಿಚ್ಚಬೇಕು, ಅದಾದ ಮೇಲೆಯೇ ನೀರು, ಸೋಪು. ಇದು ತಂಗಿಗೆ ಗೊತ್ತಿಲ್ಲ, ಆ ಹುಡುಗನಿಗೂ ಗೊತ್ತಿಲ್ಲ. ಹಿಂಡುವ ಹಂತ ಬಂದಾಗ ಮೆಷಿನ್ ಬಚ್ಚಲಿನ ಕಲ್ಲಿನ ಮೇಲೆ ದಡದಡ ಸದ್ದು ಮಾಡುತ್ತ ಹಂಡೆ ಒಲೆಯವರೆಗೂ ಸರಿದು ಬಂತಂತೆ. ಅತ್ತೆ ಮಲಗಿದ್ದಲ್ಲಿಂದ ಕೂಗಿಕೊಂಡರಂತೆ. ಬೋಲ್ಟ್ ಕಚ್ಚಿದ ಜಾಗದಲ್ಲಿ ಡ್ರಮ್ಮಿನ ಹೊರತೊಟ್ಟಿ ಸೀಳು ಬಿಟ್ಟಿತ್ತು. ಆಮೇಲೆ ಬಂದ ಕಂಪನಿಯ ಹುಡುಗ ಫೋಟೊ ತೆಗೆದುಕೊಂಡು, "ಬಳಸಿದವರ ತಪ್ಪು, ವಾರಂಟಿಗೆ ಬರೋದಿಲ್ಲ" ಎಂದು ಬರೆದುಕೊಟ್ಟು ಹೋದ. ಅದೇ ಕಂಪನಿ, ಅದೇ ವಾರಂಟಿ. ಅಳಿಯ ಹೇಳಿದ್ದು ಸುಳ್ಳಾಗಲಿಲ್ಲ. ಆ ಮಳೆಗಾಲ ಪೂರ್ತಿ ತಂಗಿ ಕೈಯಲ್ಲೇ ಬಟ್ಟೆ ಒಗೆದಳು.

ಸಾಗರದ ಅಂಗಡಿಯಿಂದ ತಂದಿದ್ದರೆ ಏನಾಗುತ್ತಿತ್ತು ಎಂದು ನಾನು ಊಹಿಸಿ ಹೇಳುತ್ತಿಲ್ಲ. ಅದೇ ಊರಿಗೆ ಅಂಗಡಿಯವರು ಕಳಿಸಿದ ಮೆಷಿನ್ನುಗಳನ್ನು ಕಂಡಿದ್ದೇನೆ. ಪಿಕಪ್ ಗಾಡಿಯಲ್ಲಿ ಸಾಮಾನಿನ ಜೊತೆಗೇ ಮೆಕ್ಯಾನಿಕ್ಕೂ ಕೂತು ಬರುತ್ತಿದ್ದ, ಏಕೆಂದರೆ ಎರಡು ಸಲ ಲಾಂಚ್ ದಾಟುವುದು ಅವರಿಗೇ ನಷ್ಟವಾಗಿತ್ತು. ಬಂದವ ಮೊದಲು ನಲ್ಲಿ ತಿರುಗಿಸಿ ನೋಡುತ್ತಿದ್ದ. ನಮ್ಮ ಕಡೆ ಬಹಳ ಮನೆಗಳಿಗೆ ಗುಡ್ಡದ ಅಬ್ಬಿಯಿಂದ ಪೈಪಿನಲ್ಲಿ ನೀರು ಬರುತ್ತದೆ. ಒತ್ತಡಕ್ಕೆ ಕೊರತೆಯಿಲ್ಲ, ಆದರೆ ಎಲೆಯ ಚೂರು, ಮಣ್ಣು, ಮರಳು ಜೊತೆಗೇ ಇಳಿಯುತ್ತವೆ. ಮೆಷಿನ್ನಿಗೆ ನೀರು ಹೋಗುವಲ್ಲಿನ ಸಣ್ಣ ಜಾಲರಿ ಹದಿನೈದು ದಿನಕ್ಕೆ ಕಟ್ಟಿಕೊಳ್ಳುತ್ತದೆ. ಹೊರಗೊಂದು ಫಿಲ್ಟರ್ ಹಾಕಿ, ತೊಳೆಯುವುದು ಹೇಗೆಂದು ಮನೆಯವರಿಗೆ ತೋರಿಸಿ ಬರುವುದನ್ನು ಯಾವ ಕಂಪನಿಯ ಪುಸ್ತಕವೂ ಹೇಳಿಕೊಡುವುದಿಲ್ಲ. ಸಾಗರ ಪೇಟೆಯ ಮನೆಗಳದು ಇದಕ್ಕೆ ತಿರುಗುಮುರುಗು. ಸಿಂಟೆಕ್ಸ್ ಟ್ಯಾಂಕು ಬಚ್ಚಲಿನ ತಾರಸಿಗೆ ಅಂಟಿಕೊಂಡಂತೆ ಇರುತ್ತದೆ, ನೀರಿಗೆ ಒತ್ತಡವೇ ಇಲ್ಲ, ಮುಂದೆ ಬಾಗಿಲಿನ ಮೆಷಿನ್ ನೀರು ಸಾಲದೆಂದು ನಿಂತುಬಿಡುತ್ತದೆ. ಅಂಥ ಮನೆಗೆ ಟ್ಯಾಂಕು ಏರಿಸಬೇಕು, ಇಲ್ಲವೇ ಕೊಡದಲ್ಲಿ ನೀರು ಹೊಯ್ಯಬಹುದಾದ ಸೆಮಿ ಆಟೊಮ್ಯಾಟಿಕ್ ಸಾಕು ಎಂದು ಹೇಳುವ ಧೈರ್ಯ ಇರುವುದು ನಾಳೆ ನಿಮ್ಮ ಮುಖ ನೋಡಬೇಕಾದವನಿಗೆ.

"ಈಗ ಸೇತುವೆ ಆಗಿದೆಯಲ್ಲ ಮಾವ" ಎಂದ ಅಳಿಯ. ಆಗಿದೆ, ಕಣ್ತುಂಬ ನೋಡಿಕೊಂಡು ಬಂದಿದ್ದೇನೆ. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ ವ್ಯಾನುಗಳು ಹಿನ್ನೀರಿನ ಆಚೆಯ ತುಮರಿಗೆ ಸಲೀಸಾಗಿ ಹೋಗಿಬರುತ್ತವೆ. ಸಾಮಾನು ತಲುಪುವುದು ಸುಲಭವಾಯಿತು. ಆದರೆ ನಾನು ಹೇಳಿದ್ದು ಸಾಮಾನು ತಲುಪಿದ ಮೇಲಿನ ಹತ್ತು ವರ್ಷದ ಮಾತು. ಕಂಪನಿಯ ಸರ್ವಿಸ್ ಸೆಂಟರ್ ನಮಗೆ ಎಪ್ಪತ್ತು ಕಿಲೋಮೀಟರ್ ದೂರದ ಶಿವಮೊಗ್ಗದಲ್ಲಿದ್ದರೆ, ಸೇತುವೆ ಆ ದಾರಿಯನ್ನು ಕಡಿಮೆ ಮಾಡಿಲ್ಲ. ಹಾಗಾಗಿಯೇ ಕೊಳ್ಳುವ ಮೊದಲು ಒಂದು ಫೋನ್ ಮಾಡಿ ಎನ್ನುತ್ತೇನೆ. ಟೋಲ್ ಫ್ರೀ ನಂಬರಿಗಲ್ಲ, ಆ ಕಂಪನಿಯ ಕೆಲಸ ಮಾಡುವ ಸ್ಥಳೀಯ ಮೆಕ್ಯಾನಿಕ್ಕಿಗೆ. "ಈ ಮಾಡೆಲ್ಲಿನ ಬೋರ್ಡ್ ಕೆಟ್ಟರೆ ಎಷ್ಟು ದಿನಕ್ಕೆ ತರಿಸ್ತೀಯಪ್ಪ?" ಎಂದು ಕೇಳಿ. ಅವ ಹೇಳುವ ಉತ್ತರದಲ್ಲಿ ನಿಮಗೆ ಯಾವ ಕಂಪನಿ ಬೇಕು ಎಂಬುದೂ ಸಿಗುತ್ತದೆ.

ಹತ್ತು ವರ್ಷದ ಕಂಪ್ರೆಸರ್ ವಾರಂಟಿಯ ಬಗ್ಗೆ ನಾಲ್ಕು ಜನ ಬರೆದಿದ್ದಾರೆ. ಅದನ್ನು ಎಷ್ಟು ನಂಬುತ್ತಾರೆಂದು ಓದಿ ನನಗೆ ಸಂಕಟವಾಯಿತು. ಫ್ರಿಜ್ಜಿನಲ್ಲಿ ಅಷ್ಟು ಸುಲಭಕ್ಕೆ ಕೆಡದ ಭಾಗವೇ ಕಂಪ್ರೆಸರ್. ಕೆಡುವವು ಬೇರೆ: ಮಂಜು ಕರಗಿಸುವ ಹೀಟರ್, ಅದರ ಸೆನ್ಸರ್, ಒಳಗಿನ ಫ್ಯಾನು, ಬಾಗಿಲಿನ ರಬ್ಬರು, ಎಲ್ಲಕ್ಕಿಂತ ಹೆಚ್ಚಾಗಿ ಎಲೆಕ್ಟ್ರಾನಿಕ್ ಬೋರ್ಡು. ಇವೆಲ್ಲಕ್ಕೂ ಸಾಮಾನ್ಯವಾಗಿ ಒಂದೇ ವರ್ಷ. ಕಂಪ್ರೆಸರೇ ಹೋದರೂ ಬಹುತೇಕ ವಾರಂಟಿ ಕಾರ್ಡುಗಳಲ್ಲಿ ಗ್ಯಾಸಿನ, ಕೂಲಿಯ, ಓಡಾಟದ ಖರ್ಚು ನಿಮ್ಮದೇ ಎಂದು ಬರೆದಿರುತ್ತದೆ. ಮಲೆನಾಡಿನಲ್ಲಿ ಬೋರ್ಡಿಗೆ ಶತ್ರುಗಳು ಹಲವರು. ಮಳೆಗಾಲದ ಸಿಡಿಲು ಒಂದು. ಕಂಬದ ನ್ಯೂಟ್ರಲ್ ತಂತಿ ಕಡಿದರೆ ಮನೆಯೊಳಕ್ಕೆ 230ರ ಬದಲು 400ರ ಹತ್ತಿರದ ವೋಲ್ಟೇಜ್ ನುಗ್ಗಬಹುದು. ಬೆಚ್ಚಗಿದೆಯೆಂದು ಹಲ್ಲಿ ಬೋರ್ಡಿನ ಮೇಲೆ ಮಲಗಿ ಸುಟ್ಟು, ತನ್ನ ಜೊತೆ ಬೋರ್ಡನ್ನೂ ಸುಟ್ಟ ಫ್ರಿಜ್ಜುಗಳನ್ನು ನನ್ನ ಹುಡುಗರು ಎಷ್ಟೋ ಬಿಚ್ಚಿದ್ದಾರೆ. ಮೆಷಿನ್ನಿನ ಅಡಿಯಿಂದ ಇಲಿ ನುಗ್ಗಿ ವೈರು ಕಡಿಯುತ್ತದೆ. ಇಂಥವಕ್ಕೆ ವಾರಂಟಿಯಲ್ಲಿ ಜಾಗವಿಲ್ಲ. ತಳಕ್ಕೆ ತಗಡಿನ ತಟ್ಟೆ ಹೊಡೆದುಕೊಡುವ, ಹಳೇ ಮನೆಗೆ ಮೊದಲು ಅರ್ಥಿಂಗ್ ಮಾಡಿಸಿ ಎಂದು ಹಟ ಹಿಡಿಯುವ, ಮೆಷಿನ್ ಮುಟ್ಟಿದರೆ ಜುಂ ಎನ್ನುತ್ತದೆ ಎಂದಾಕ್ಷಣ ಪ್ಲಗ್ ಕಿತ್ತಿಡಿ ಎಂದು ಫೋನಿನಲ್ಲೇ ಕೂಗುವ ಮನುಷ್ಯ ಬೇಕು.

ವಕೀಲರೊಬ್ಬರು ಗ್ರಾಹಕ ಕಾನೂನನ್ನು ನೆನಪಿಸಿದ್ದಾರೆ. ಅವರಿಗೆ ನಾನು ಋಣಿ. ಹೋದ ಲೇಖನದಲ್ಲಿ ನಾನು ಅದನ್ನು ಹೇಳದೆ ಬಿಟ್ಟದ್ದು ತಪ್ಪು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈನಲ್ಲಿ ಜಾರಿಗೆ ಬಂದ ಮೇಲೆ, ಮಾರಿದವರು ಯಾವ ಊರಿನಲ್ಲೇ ಇರಲಿ, ನೀವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಅದಕ್ಕೂ ಮೊದಲು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ತಂಗಿಯ ಮೆಷಿನ್ನಿನ ವಿಷಯದಲ್ಲಿ ನಾವೂ ಆ ನಂಬರಿಗೆ ದೂರು ಕೊಟ್ಟೆವು, ಕೊನೆಗೆ ತೊಟ್ಟಿಯನ್ನು ಅರ್ಧ ದರಕ್ಕೆ ಬದಲಿಸಿಕೊಟ್ಟರು. ಕಾನೂನು ನ್ಯಾಯ ಕೊಡಿಸುತ್ತದೆ ಎಂಬುದಕ್ಕೆ ನನ್ನ ಸಾಕ್ಷಿಯೂ ಇದೆ. ಆ ನ್ಯಾಯ ಬರುವ ಹೊತ್ತಿಗೆ ದೀಪಾವಳಿ ಕಳೆದಿತ್ತು ಎಂಬುದಕ್ಕೂ ನಾನೇ ಸಾಕ್ಷಿ.

ಮೂರನೆಯದು ಕಟುವಾದ ಆಕ್ಷೇಪ, ಬರೆದವರು ನಮ್ಮೂರ ಗೃಹಿಣಿ. "ನೀವು ಹೊಗಳುವ ಊರ ಅಂಗಡಿಯವರೇ ನಮಗೆ ಮೋಸ ಮಾಡುವುದು. ಯಾವುದರಲ್ಲಿ ಅವರಿಗೆ ಕಮಿಷನ್ ಜಾಸ್ತಿಯೋ ಅದನ್ನೇ ತೋರಿಸುತ್ತಾರೆ. ಹೆಂಗಸರು ಒಬ್ಬರೇ ಹೋದರೆ ಮಾತೇ ಆಡುವುದಿಲ್ಲ, ಮನೆಯವರನ್ನು ಕರೆದುಕೊಂಡು ಬನ್ನಿ ಅನ್ನುತ್ತಾರೆ." ಅಮ್ಮಾ, ನೀವು ಬರೆದದ್ದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ದಿನಾ ಆ ಸಾಮಾನನ್ನು ಬಳಸುವವರನ್ನು ಬಿಟ್ಟು, ಅದರ ಬಟನ್ ಮುಟ್ಟದ ಗಂಡಸರ ಹತ್ತಿರ ಮಾತಾಡುವ ಅಂಗಡಿಯವರನ್ನು ನಾನೂ ನೋಡಿದ್ದೇನೆ. ಶೋಕೇಸಿನಲ್ಲಿ ಎರಡು ವರ್ಷ ನಿಂತದ್ದನ್ನು ಒರೆಸಿ ಹೊಸದೆಂದು ಕೊಟ್ಟವರೂ ಇದ್ದಾರೆ. ಕಂಪನಿಯ ಟೀಶರ್ಟ್ ಹಾಕಿ ನಿಂತ ಹುಡುಗ ತನ್ನ ಕಂಪನಿಯದನ್ನೇ ಹೊಗಳುತ್ತಾನೆ, ಅದು ಅವನ ಸಂಬಳ.

ಆದರೆ ಇದಕ್ಕೆ ಮದ್ದು ನಮ್ಮ ಕೈಯಲ್ಲೇ ಇದೆ. ಎರಡು ಅಂಗಡಿಗೆ ಹೋಗಿ, ಮಾಡೆಲ್ ನಂಬರ್ ಬರೆಸಿ ಕೊಟೇಶನ್ ತೆಗೆದುಕೊಳ್ಳಿ. ಬಾಯಿಮಾತಿನ ದರ ಬೇಡ. ಸೀಲು ಒಡೆಯದ ಪೆಟ್ಟಿಗೆಯದೇ ಬೇಕು, ಮನೆಯಲ್ಲಿ ನನ್ನ ಎದುರು ತೆರೆಯಬೇಕು ಎಂದು ಮೊದಲೇ ಹೇಳಿ. ಯಾವ ತಿಂಗಳು ತಯಾರಾದದ್ದು ಎಂಬುದನ್ನು ಚೀಟಿಯಲ್ಲಿ ಅಚ್ಚು ಹಾಕಿರುತ್ತಾರೆ, ಓದಿ. ಸಾಮಾನಿನ ಸೀರಿಯಲ್ ನಂಬರನ್ನು ಜಿಎಸ್‌ಟಿ ಬಿಲ್ಲಿನ ಮೇಲೆ ಬರೆಸಿ. ಬಿಲ್ ಬೇಡವೆಂದರೆ ಸಾವಿರ ಕಡಿಮೆ ಮಾಡುತ್ತೇನೆ ಎನ್ನುವವರ ಅಂಗಡಿಯಿಂದ ಎದ್ದು ಬನ್ನಿ, ಅಲ್ಲಿ ವಾರಂಟಿ ಸತ್ತಿತು ಎಂದೇ ಅರ್ಥ. ಫ್ರಿಜ್ ನೆಟ್ಟಗೆ ನಿಲ್ಲಿಸಿಕೊಂಡೇ ಬರಬೇಕು, ಮಲಗಿಸಿ ತಂದಿದ್ದರೆ ಕೆಲವು ಗಂಟೆ ನಿಲ್ಲಿಸಿಟ್ಟು ಆಮೇಲೆ ಸ್ವಿಚ್ ಹಾಕಬೇಕು, ಕಂಪ್ರೆಸರಿನ ಎಣ್ಣೆ ಕೆಳಗಿಳಿಯಲು ಅಷ್ಟು ಹೊತ್ತು ಬೇಕು. ನಿಮ್ಮ ಹತ್ತಿರ ಮಾತಾಡದ ಅಂಗಡಿಯವರಿಗೆ ನಿಮ್ಮ ದುಡ್ಡು ಸಿಗಬಾರದು. ಇನ್ನೊಂದು ಅಂಗಡಿ ಅದೇ ಬೀದಿಯಲ್ಲಿದೆ. ಮೋಸಗಾರ ಅಂಗಡಿಯವರನ್ನು ಹೆದರಿಸಬಲ್ಲದ್ದು ಎದುರಿನ ಅಂಗಡಿ, ಅದು ಮುಚ್ಚಿಹೋದರೆ ನಮಗೆ ಆ ಬಲವೂ ಇರುವುದಿಲ್ಲ.

ಒಂದು ವಿಷಯದಲ್ಲಿ ಮಾತ್ರ ಅಂಗಡಿಯವರ ಪರ ನಿಲ್ಲಬೇಕಾಗಿದೆ. 2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ಇಳಿದರೂ ಫ್ರಿಜ್ಜಿನ ದರ ಇಳಿಸಲಿಲ್ಲ, ನುಂಗಿಹಾಕಿದರು ಎಂದು ಇಬ್ಬರು ಬರೆದಿದ್ದಾರೆ. ಆ ದಿನ 28ರಿಂದ 18ಕ್ಕೆ ಇಳಿದದ್ದು ಎಸಿಗೆ, 32 ಇಂಚಿಗಿಂತ ದೊಡ್ಡ ಟಿವಿಗೆ, ಪಾತ್ರೆ ತೊಳೆಯುವ ಮೆಷಿನ್ನಿಗೆ. ಫ್ರಿಜ್ಜಿಗೂ ವಾಷಿಂಗ್ ಮೆಷಿನ್ನಿಗೂ 2018ರ ಜುಲೈನಿಂದಲೇ 18 ಇದೆ. ಅವರು ನುಂಗಿದ್ದೇನೂ ಇಲ್ಲ.

ಬಡ್ಡಿಯಿಲ್ಲದ ಕಂತಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಡ್ಡಿಯೇ ಇಲ್ಲದ ಸಾಲ ಎಂಬುದಿಲ್ಲ ಎಂಬ ಕಾರಣಕ್ಕೆ ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರಿನಲ್ಲೇ ಬ್ಯಾಂಕುಗಳ ಶೂನ್ಯ ಬಡ್ಡಿ ಯೋಜನೆಗಳಿಗೆ ತಡೆ ಹಾಕಿತು. ಈಗ ಬಡ್ಡಿಯಷ್ಟೇ ರಿಯಾಯಿತಿ ತೋರಿಸಿ ಸರಿತೂಗಿಸುತ್ತಾರೆ. ಆ ರಿಯಾಯಿತಿ ನಗದು ಕೊಟ್ಟವರಿಗೂ ಸಿಗುವಂಥದ್ದೇ ಎಂದು ಕೇಳಿ ತಿಳಿದುಕೊಳ್ಳಿ, ಪ್ರೊಸೆಸಿಂಗ್ ಶುಲ್ಕವನ್ನೂ ಬಡ್ಡಿಯ ಮೇಲಿನ ಜಿಎಸ್‌ಟಿಯನ್ನೂ ಕೂಡಿಸಿ ನೋಡಿ. ತಿಂಗಳ ಸಂಬಳದವರಿಗೆ ಕಂತು ತಪ್ಪೇನಲ್ಲ. ಆದರೆ ಅಡಿಕೆ ಮಾರಿದಾಗ ಮಾತ್ರ ಕೈಗೆ ದುಡ್ಡು ಬರುವ ಮನೆಗೆ ತಿಂಗಳ ಕಂತು ಹೊಂದುವುದಿಲ್ಲ. ನಮ್ಮ ಕಡೆಯ ಕೆಲವು ಅಂಗಡಿಯವರು ಮುಖಪರಿಚಯದ ಮೇಲೆ "ಅಡಿಕೆ ಕೊಟ್ಟ ಮೇಲೆ ಕೊಡಿ" ಎನ್ನುತ್ತಾರೆ. ಅದು ಉಪಕಾರವೇ ಹೌದು, ಆದರೆ ಸಾಲ ಹೇಳಿದ ಮೇಲೆ ಚೌಕಾಸಿ ಮಾಡಲು ಬಾಯಿ ಬರುವುದಿಲ್ಲ ಎಂಬುದೂ ನೆನಪಿರಲಿ. ದರ ಗಟ್ಟಿ ಮಾಡಿಕೊಂಡೇ ಸಾಲದ ಮಾತು ತೆಗೆಯಿರಿ.

"ಗೃಹಜ್ಯೋತಿಯಲ್ಲಿ ಕರೆಂಟೇ ಬಿಟ್ಟಿ, ಇನ್ನು ಸ್ಟಾರು ನೋಡಿ ಏನಾಗಬೇಕು?" ಎಂಬ ಪ್ರಶ್ನೆಯನ್ನು ಮೂರು ಜನ ಕೇಳಿದ್ದಾರೆ. ಇದು ಬಹಳ ಮನೆಗಳಲ್ಲಿ ಕೂತಿರುವ ತಪ್ಪು ತಿಳಿವಳಿಕೆ. 2023ರ ಜುಲೈನಲ್ಲಿ ಶುರುವಾದ ಆ ಯೋಜನೆಯಲ್ಲಿ ಎಲ್ಲರಿಗೂ 200 ಯೂನಿಟ್ ಬಿಟ್ಟಿಯಿಲ್ಲ. 2022–23ರಲ್ಲಿ ನಿಮ್ಮ ಮನೆ ತಿಂಗಳಿಗೆ ಸರಾಸರಿ ಎಷ್ಟು ಬಳಸಿತ್ತೋ ಅದರ ಮೇಲೆ ಸ್ವಲ್ಪ ಸೇರಿಸಿ ಅಷ್ಟಕ್ಕೆ ಮಾತ್ರ ಬಿಟ್ಟಿ. ಫ್ರಿಜ್ ಇಲ್ಲದೆ 45 ಯೂನಿಟ್ಟಿನಲ್ಲಿ ಬದುಕಿದ್ದ ಮನೆಗೆ ಈಗ ಹೊಸ ಫ್ರಿಜ್ ಬಂದರೆ ಅದು ಕುಡಿಯುವ ಯೂನಿಟ್ಟಿನ ಒಂದು ಪಾಲಿಗೆ ದುಡ್ಡು ಕಟ್ಟಲೇಬೇಕು. ಒಟ್ಟು 200 ದಾಟಿತೋ, ಆ ತಿಂಗಳ ಪೂರ್ತಿ ಬಿಲ್ಲು ನಿಮ್ಮದು. ಎಸಿ ಹಾಕಿಸಿದ ಪರಿಚಿತರೊಬ್ಬರು ಏಪ್ರಿಲ್ ಬಿಲ್ ಹಿಡಿದು ನನ್ನ ಹತ್ತಿರ ಬಂದಿದ್ದರು, ಮೀಟರ್ ಕೆಟ್ಟಿದೆಯೇ ನೋಡಿ ಎಂದು. ಮೀಟರ್ ಸರಿಯಾಗಿಯೇ ಇತ್ತು.

ಬೆಂಗಳೂರಿನ ದೊಡ್ಡ ಮಳಿಗೆಗಳಲ್ಲಿ ನೂರಾರು ಮಾಡೆಲ್ ನೋಡಬಹುದು, ಸಾಗರದಲ್ಲಿ ಹತ್ತೂ ಇಲ್ಲ ಎನ್ನುವುದು ನಿಜ. ಹೋಗಿ ನೋಡಿ, ಬಾಗಿಲು ತೆಗೆದು ಹಾಕಿ, ತರಕಾರಿ ಡಬ್ಬ ಎಳೆದು ನೋಡಿ, ಮಾಡೆಲ್ ನಂಬರ್ ಬರೆದುಕೊಂಡು ಬನ್ನಿ. ಊರ ಅಂಗಡಿಯವರು ಅದನ್ನೇ ಮೂರು ನಾಲ್ಕು ದಿನದಲ್ಲಿ ತರಿಸಿಕೊಡುತ್ತಾರೆ. ಹಳೆಯದನ್ನು ಎಕ್ಸ್‌ಚೇಂಜಿನಲ್ಲಿ ಕೊಡುವವರು ಅದು ಎಲ್ಲಿಗೆ ಹೋಗುತ್ತದೆಂದು ಒಮ್ಮೆ ಕೇಳಬೇಕೆಂಬುದು ನನ್ನ ಪ್ರಾರ್ಥನೆ. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮದಂತೆ ಹಳೆಯ ಸಾಮಾನು ನೋಂದಾಯಿತ ಮರುಬಳಕೆದಾರರನ್ನು ಸೇರುವಂತೆ ನೋಡಿಕೊಳ್ಳುವುದು ಕಂಪನಿಗಳ ಹೊಣೆ. ಆದರೆ ಗುಜರಿಯಲ್ಲಿ ತಾಮ್ರದ ಕೊಳವೆಯನ್ನು ಇಕ್ಕಳದಲ್ಲಿ ಕತ್ತರಿಸಿ ಗ್ಯಾಸನ್ನು ಬುಸ್ಸೆಂದು ಗಾಳಿಗೆ ಬಿಡುವುದನ್ನು ಕಂಡಾಗೆಲ್ಲ, ಆ ಗ್ಯಾಸನ್ನು ಸಿಲಿಂಡರಿಗೆ ಹಿಡಿಯುವುದನ್ನು ಮೂವತ್ತೊಂದು ವರ್ಷ ಕಲಿಸಿದ ನನಗೆ ಕರುಳು ಕಿವುಚಿದಂತಾಗುತ್ತದೆ.

ಕೊನೆಯದು ನನ್ನ ಮೇಲಿನ ಆರೋಪ. "ಊರಿನ ಮೆಕ್ಯಾನಿಕ್ಕುಗಳೆಲ್ಲ ನಿಮ್ಮ ಶಿಷ್ಯರು, ಅವರ ಹೊಟ್ಟೆಪಾಡಿಗೆ ನೀವು ಬರೆಯುತ್ತೀರಿ." ಶಿಷ್ಯರು ಹೌದು. ಅವರ ಹೊಟ್ಟೆಪಾಡು ನನಗೆ ಮುಖ್ಯ ಎಂಬುದನ್ನೂ ಬಚ್ಚಿಡುವುದಿಲ್ಲ. ಮಳೆಯಲ್ಲಿ ನೆನೆದು, ಟೂಲ್ ಬ್ಯಾಗು ಬೈಕಿನ ಟ್ಯಾಂಕಿನ ಮೇಲಿಟ್ಟುಕೊಂಡು ಹಳ್ಳಿಹಳ್ಳಿ ತಿರುಗುವ ಹುಡುಗರು ಅವರು. ಆನ್‌ಲೈನಿನಲ್ಲಿ ಕೊಂಡ ಸಾಮಾನನ್ನೂ ಅವರೇ ರಿಪೇರಿ ಮಾಡುತ್ತಾರೆ, ನಿಜ ಹೇಳಬೇಕೆಂದರೆ ಅದರಲ್ಲೇ ಅವರಿಗೆ ಎರಡು ಕಾಸು ಹೆಚ್ಚು, ಏಕೆಂದರೆ ಅಲ್ಲಿ ಅಂಗಡಿಯವರ ಹಂಗಿಲ್ಲ. ಅವರ ಲಾಭವಷ್ಟೇ ನೋಡುವವನಾದರೆ ನಾನು ಬರೆಯಬೇಕಿದ್ದದ್ದು ಇದರ ಉಲ್ಟಾ. ನನಗೆ ಕಾಣುವ ಭಯ ಬೇರೆ. ಊರಿನಲ್ಲಿ ಅಂಗಡಿ ಇದ್ದರೆ ಹೊಸ ಸಾಮಾನು ಕೂರಿಸುವ ಕೆಲಸ ತಿಂಗಳಿಗೆ ಇಷ್ಟೆಂದು ಇರುತ್ತದೆ, ಆ ಆಸರೆಯ ಮೇಲೆ ಮೆಕ್ಯಾನಿಕ್ ಊರಲ್ಲಿ ಉಳಿಯುತ್ತಾನೆ. ಆ ಆಸರೆ ತಪ್ಪಿದ ಹುಡುಗ ಬೆಂಗಳೂರಿನ ಬಸ್ಸು ಹತ್ತುತ್ತಾನೆ. ನನ್ನ ಕೊನೆಯ ಮೂರು ಬ್ಯಾಚಿನಲ್ಲಿ ಊರಲ್ಲಿ ಉಳಿದವರನ್ನು ಒಂದು ಕೈಬೆರಳಲ್ಲಿ ಎಣಿಸಬಹುದು.

ಹೋದ ವಾರ ತಂಗಿ ಸೇತುವೆ ದಾಟಿ ಬಸ್ಸಿನಲ್ಲಿ ಸಾಗರಕ್ಕೆ ಬಂದಿದ್ದಳು, ಫ್ರಿಜ್ ಕೊಳ್ಳಲು. ಹಳೇ ಮನೆ, ಅಡುಗೆಮನೆಯ ಬಾಗಿಲು ಕಿರಿದು, ಮೇಲೆ ಅಟ್ಟ. ಅವಳ ಚೀಲದಲ್ಲಿ ಬಾಳೆನಾರಿನ ದಾರವಿತ್ತು, ಅದರಲ್ಲಿ ಎರಡು ಗಂಟು. ಮೊದಲ ಗಂಟು ಬಾಗಿಲಿನ ಅಗಲ, ಎರಡನೆಯದು ನೆಲದಿಂದ ಅಟ್ಟದ ತೊಲೆಯವರೆಗಿನ ಎತ್ತರ. ಅಂಗಡಿಯಲ್ಲಿ ದಾರ ಹಿಡಿದು ಒಂದೊಂದೇ ಫ್ರಿಜ್ ಅಳೆದಳು. ಮೂರು ಹೊಂದಲಿಲ್ಲ, ನಾಲ್ಕನೆಯದು ಹೊಂದಿತು. ಯೂನಿಟ್ಟಿನ ಚೀಟಿ ಗಟ್ಟಿಯಾಗಿ ಓದಿ ನನ್ನ ಮುಖ ನೋಡಿದಳು. ಆಮೇಲೆ ಅಂಗಡಿಯವರಿಗೆ ಹೇಳಿದಳು, "ಗುರುವಾರ ಕಳಿಸಿ. ಗಾಡಿ ಜೊತೆ ಮೆಕ್ಯಾನಿಕ್ಕೂ ಬರ್ಬೇಕು, ಊಟ ನಮ್ಮನೇಲೇ."